ಕಣ್ಣಿಗೆ ಎಣ್ಣೆ

‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು’ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಇಂಥ ನುಡಿಗಟ್ಟುಗಳನ್ನು ತರಗತಿಗಳಲ್ಲಿ ವಿವರಿಸಿದ ನನಗೆ, ಕಣ್ಣಿಗೆ ನಿಜವಾಗಿಯೂ ತನ್ನದೇ ಆದ ಎಣ್ಣೆಯೊಂದುಂಟೆಂಬುದು ತಿಳಿದದ್ದು ನಿವೃತ್ತನಾದ ಮೇಲೆ.

ಬಿಡುವಿನ ಓದಿಗೆಂದು ಎತ್ತಿಟ್ಟಿದ್ದ ಗ್ರಂಥಗಳನ್ನು ತೆರೆದರೆ, ನಾಲ್ಕು ಪುಟ ದಾಟುವಷ್ಟರಲ್ಲಿ ಅಕ್ಷರಗಳು ಕದಡುತ್ತಿದ್ದವು. ರೆಪ್ಪೆ ಬಡಿದರೆ ಕ್ಷಣಕಾಲ ತಿಳಿಯಾಗಿ ಮತ್ತೆ ಮಸುಕಾಗುತ್ತಿದ್ದವು. ಮರಳು ಬಿದ್ದಂತಹ ಉರಿ. ಅದರೊಡನೆ ಧಾರೆಯಾಗಿ ನೀರು. ಎರಡು ಸಲ ಕನ್ನಡಕ ಬದಲಾಯಿಸಿದೆ. ಓದಿನ ಕಾಲ ಮುಗಿಯಿತೆಂದೇ ಭಾವಿಸಿ ಪುಸ್ತಕಗಳನ್ನು ಕಪಾಟಿಗೆ ಹಿಂದಿರುಗಿಸಿದೆ. ಕಡೆಗೆ ನೇತ್ರವೈದ್ಯರು ಪರೀಕ್ಷಿಸಿ, ‘ನಿಮ್ಮ ಕಣ್ಣು ಒಣಗಿದೆ’ ಎಂದಾಗ ನನಗೆ ನಗು ಬಂದಿತು. ನೀರು ಸುರಿಯುವ ಕಣ್ಣು ಒಣಗುವುದೆಂತು?

ಕಣ್ಣನ್ನು ಸದಾ ಆವರಿಸಿರುವ ಕಣ್ಣೀರಿನ ಪೊರೆಯಲ್ಲಿ ನೀರು, ಲೋಳೆ, ಎಣ್ಣೆ ಮೂರೂ ಇವೆ. ಎಣ್ಣೆಯು ಎಲ್ಲಕ್ಕಿಂತ ಮೇಲೆ ತೆಳುವಾಗಿ ಹರಡಿ, ನೀರು ಆರಿಹೋಗದಂತೆ ತಡೆಯುತ್ತದೆ. ಅದನ್ನು ಒದಗಿಸುವ ಗ್ರಂಥಿಗಳು ರೆಪ್ಪೆಗಳೊಳಗೆ ಸಾಲಾಗಿವೆ: ಮೇಲಿನದರಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30. 1666ರಲ್ಲಿ ಇವುಗಳನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್ರಿಖ್ ಮೈಬೋಮನ ಹೆಸರಿನಿಂದ ಇವನ್ನು ಮೈಬೋಮಿಯನ್ ಗ್ರಂಥಿಗಳೆನ್ನುತ್ತಾರೆ. ವಯಸ್ಸಾದಂತೆ ಎಣ್ಣೆ ಮಂದವಾಗಿ ಗ್ರಂಥಿಯ ಬಾಯಿ ಕಟ್ಟಿಕೊಳ್ಳುವುದುಂಟು. ಆಗ ನೀರು ಬೇಗನೆ ಆರುತ್ತದೆ. ಕೆರಳಿದ ಕಣ್ಣು ಮತ್ತಷ್ಟು ನೀರು ಸುರಿಸುತ್ತದೆ. ಎಣ್ಣೆಯಿಲ್ಲದ ಆ ನೀರು ಕೆನ್ನೆಗಿಳಿಯುವುದೇ ಹೊರತು ಕಣ್ಣಿನ ಮೇಲೆ ನಿಲ್ಲದು. ಬಹುಕಾಲ ಅಲಕ್ಷಿಸಿದರೆ ಗ್ರಂಥಿಗಳೇ ಬಾಡಿಹೋಗಬಹುದು.

ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಸೀಸೆಯನ್ನು ನಾವು ಬಿಸಿನೀರಿನಲ್ಲಿಡುವುದಿಲ್ಲವೆ? ಇಲ್ಲಿನ ಉಪಾಯವೂ ಅದೇ. ಶುಭ್ರವಾದ ಬಟ್ಟೆಯನ್ನು ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಗಳ ಮೇಲೆ 5ರಿಂದ 10 ನಿಮಿಷ ಇಡಬೇಕು. ತಣ್ಣಗಾದರೆ ಮತ್ತೆ ಅದ್ದಬೇಕು. ಚರ್ಮ ಸುಡುವಷ್ಟು ಬಿಸಿ ಸಲ್ಲದು. ಬಳಿಕ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಮೃದುವಾಗಿ ನೀವಿ, ಅಂಚನ್ನು ಶುಚಿಗೊಳಿಸಬೇಕು. ವೈದ್ಯರು ಹೇಳಿದರೆ ಕೃತಕ ಕಣ್ಣೀರಿನ ಹನಿಯನ್ನೂ ಹಾಕಿಕೊಳ್ಳಬೇಕು. ಇದು ಒಂದು ದಿನದ ಚಿಕಿತ್ಸೆಯಲ್ಲ, ನಿತ್ಯವಿಧಿ.

ಕೊರತೆ ಎಣ್ಣೆಯದೆಂದು ಮನೆಯ ಎಣ್ಣೆಯನ್ನೋ ಜೇನನ್ನೋ ಕಣ್ಣಿಗೆ ಬಿಡಬಾರದು. ನುಡಿಗಟ್ಟು ನುಡಿಗಟ್ಟಾಗಿಯೇ ಇರಲಿ. ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಹನಿಗಳನ್ನು ತಂದು ಹಾಕಿಕೊಳ್ಳುವುದಂತೂ ಅಪಾಯಕರ. ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಗೇ ಕುಂದು ಬರಬಹುದು. ತೀವ್ರವಾದ ನೋವಾಗಲಿ, ಬೆಳಕನ್ನು ಸಹಿಸಲಾಗದಿರುವುದಾಗಲಿ, ದೃಷ್ಟಿ ಕುಗ್ಗುವುದಾಗಲಿ ಕಂಡುಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ರೆಪ್ಪೆಯ ಬಡಿತದಿಂದಲೇ ಎಣ್ಣೆ ಹೊರಬಂದು ಹರಡುತ್ತದೆ. ಓದುವಾಗ, ಮೊಬೈಲ್ ನೋಡುವಾಗ ಆ ಬಡಿತ ಕಡಿಮೆಯಾಗುತ್ತದೆ. ಎವೆಯಿಕ್ಕದಿರುವುದು ದೇವತೆಗಳ ಲಕ್ಷಣ. ಅದಕ್ಕೆಂದೇ ಅವರು ಅನಿಮಿಷರು. ಮರ್ತ್ಯರಾದ ನಾವು ಪುಟ ತಿರುವುವಾಗಲೆಲ್ಲ ಒಮ್ಮೆ ಪೂರ್ತಿಯಾಗಿ ಕಣ್ಣು ಮುಚ್ಚಿ ತೆರೆಯುವುದು ಲೇಸು.

ನನ್ನ ಕಣ್ಣು ಮೊದಲಿನಂತಾಗಿದೆಯೆಂದು ಹೇಳಲಾರೆ. ಆದರೆ ಬೆಳಗಿನ ಶಾಖದ ಬಳಿಕ ಇಪ್ಪತ್ತು ಪುಟ ಓದಬಲ್ಲೆ. ಕಪಾಟು ಸೇರಿದ್ದ ಪುಸ್ತಕಗಳು ಒಂದೊಂದಾಗಿ ಮೇಜಿಗೆ ಮರಳುತ್ತಿವೆ.