ಒಂದು ನಡೆ ಎಂದರೆ ಎಷ್ಟು?

ಚದುರಂಗ ನಮ್ಮ ನಾಡಿಗೆ ಹೊಸದಲ್ಲ. ಕುದುರೆಯು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ರಚಿಸಿ ಆನಂದಪಟ್ಟವರು ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು. ಆದರೆ ಯಂತ್ರಕ್ಕೆ ಚದುರಂಗ ಕಲಿಸುವುದು ಈಚಿನ ವಿದ್ಯೆ. ಗಣಕಯಂತ್ರಕ್ಕೆ ಈ ಆಟವನ್ನು ಹೇಗೆ ಹೇಳಿಕೊಡಬಹುದೆಂದು 1950ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಲೇಖನ ಬರೆದರು. 1997ರಲ್ಲಿ ಡೀಪ್ ಬ್ಲೂ ಎಂಬ ಯಂತ್ರವು ಜಗಜ್ಜೇತ ಕ್ಯಾಸ್ಪರೋವರನ್ನೇ ಸೋಲಿಸಿತು. ದೊಡ್ಡವರ ಸುದ್ದಿ ಹಾಗಿರಲಿ. ನಾನು ಹೇಳಹೊರಟಿರುವುದು ಶಿಡ್ಲಘಟ್ಟದ ಒಬ್ಬ ಹುಡುಗನಿಗೂ ಚಿಂತಾಮಣಿಯ ಒಬ್ಬ ಹುಡುಗನಿಗೂ ನಡೆದ ಜಗಳದ ಕಥೆ.

ಇಬ್ಬರೂ ನನ್ನ ಹಳೆಯ ಶಿಷ್ಯರು. ಆರು ವರ್ಷದ ಸ್ನೇಹಿತರು. ಕಾಲೇಜು ಸೇರಿದ ಮೇಲೆ ಇಬ್ಬರೂ ಕೂಡಿ ಚದುರಂಗದ ಪ್ರೋಗ್ರಾಮೊಂದನ್ನು ಬರೆಯತೊಡಗಿದರು. ಯಂತ್ರಕ್ಕೆ ನಿಯಮ ಸರಿಯಾಗಿ ತಿಳಿದಿದೆಯೇ ಎಂದು ನೋಡಲು ಒಂದು ಪರೀಕ್ಷೆ ಉಂಟು: ಆಟದ ಆರಂಭದಿಂದ ಇಂತಿಷ್ಟು ನಡೆಗಳವರೆಗೆ ಎಷ್ಟು ಬಗೆಯಲ್ಲಿ ಆಡಬಹುದೆಂದು ಯಂತ್ರದಿಂದಲೇ ಎಣಿಸುವುದು. ಒಬ್ಬರ ತಪ್ಪು ಇನ್ನೊಬ್ಬರಿಗೆ ಸಿಕ್ಕಲೆಂದು ಇಬ್ಬರೂ ಬೇರೆ ಬೇರೆ ಬರೆದು ‘ಎರಡು ನಡೆ’ ಎಣಿಸಿದರು. ಶಿಡ್ಲಘಟ್ಟದವನಿಗೆ 400 ಬಂತು, ಚಿಂತಾಮಣಿಯವನಿಗೆ 1,97,281!

ಭಾನುವಾರ ಇಬ್ಬರೂ ನಮ್ಮ ಮನೆಗೆ ಬಂದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. “ಇವನಿಗೆ ಆಟವೇ ಗೊತ್ತಿಲ್ಲ ಮೇಷ್ಟ್ರೇ” ಎಂದ ಒಬ್ಬ. ಇನ್ನೊಬ್ಬ ಸ್ನೇಹಿತನ ಮಾತು ನಂಬಿ, ತಾನು ಬರೆದದ್ದನ್ನು ಮೂರು ದಿನ ತಿದ್ದಿ ತಿದ್ದಿ ಕೆಡಿಸಿಕೊಂಡಿದ್ದ.

ಹಲಗೆ ಹಾಸಿ ಕೂಡಿಸಿದೆ. ಬಿಳಿಯ ಎಂಟು ಪದಾತಿಗಳಿಗೆ ಎರಡೆರಡು ದಾರಿ, ಎರಡು ಕುದುರೆಗಳಿಗೆ ಎರಡೆರಡು, ಒಟ್ಟು 20. ಕರಿಯನಿಗೂ 20. ಇಪ್ಪತ್ತು ಇಪ್ಪತ್ತಲೆ 400. ಹಾಗಾದರೆ ಶಿಡ್ಲಘಟ್ಟದವನಿಗೆ ಬಿಳಿಯನದು ಒಂದು ನಡೆ, ಕರಿಯನದು ಒಂದು ನಡೆ. ಚಿಂತಾಮಣಿಯವನೋ, ಆಟದ ಪುಸ್ತಕಗಳಲ್ಲಿ ಅಂಕಿ ಹಾಕುವಂತೆ, ಇಬ್ಬರೂ ಒಮ್ಮೊಮ್ಮೆ ಆಡಿದರೆ ಒಂದು ನಡೆ ಎಂದುಕೊಂಡಿದ್ದ. ಅವನ ಎರಡು ಇವನ ನಾಲ್ಕು! ಇಬ್ಬರ ಲೆಕ್ಕವೂ ಸರಿ. ತಪ್ಪಿದ್ದು ಪದ.

ಈ ತೊಡಕು ಬಲ್ಲವರಿಗೂ ಬಂದದ್ದೇ. 1959ರಲ್ಲಿ ಆರ್ಥರ್ ಸ್ಯಾಮ್ಯುಯೆಲ್ ಎಂಬವರು ಯಂತ್ರವು ಆಟ ಕಲಿಯುವ ವಿಷಯ ಬರೆಯುವಾಗ ಒಬ್ಬನ ಒಂದು ಸರದಿಗೆ ‘ಪ್ಲೈ’ ಎಂಬ ಬೇರೆ ಮಾತನ್ನೇ ಬಳಸಿದರು. ನಾನು ಹುಡುಗರಿಗೆ ‘ಅರೆನಡೆ’ ಎಂದು ಹೇಳಿಕೊಟ್ಟೆ.

ಕಾಯಿಗಳ ಹೆಸರೂ ಹೀಗೆಯೇ. ನಮ್ಮ ಕಡೆ ಬೀದಿಯಲ್ಲಿ ಕನ್ನಡ, ಎಷ್ಟೋ ಮನೆಗಳ ಒಳಗೆ ತೆಲುಗು. ಒಬ್ಬನ ಒಂಟೆ ಇನ್ನೊಬ್ಬನ ಮನೆಯಲ್ಲಿ ಶಕಟು. ತಮಿಳರು ಮಂತ್ರಿ ಎನ್ನುವುದು ನಮ್ಮ ಒಂಟೆಯನ್ನು. ನಮ್ಮ ಮಂತ್ರಿ ಅವರಿಗೆ ರಾಣಿ. ಎದುರಿಗೆ ಹಲಗೆಯಿದ್ದರೆ ಬೆರಳು ತೋರಿಸಿ ಬಗೆಹರಿಸಿಕೊಳ್ಳಬಹುದು. ಯಂತ್ರಕ್ಕೆ ಬರೆಯುವಾಗ ಬೆರಳು ಎಲ್ಲಿಂದ ಬರಬೇಕು?

ಒಂದು ವಸ್ತುವಿಗೆ ಹತ್ತು ಹೆಸರು ಕಲಿಸುವುದೇ ಪಾಂಡಿತ್ಯವೆಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಕಾವ್ಯಕ್ಕೆ ಅದು ಸಂಪತ್ತು, ಶಾಸ್ತ್ರಕ್ಕೆ ಆಪತ್ತು. ಪಾಣಿನಿಗೆ ಇದು ಗೊತ್ತಿತ್ತು. ಲೋಕದಲ್ಲಿ ‘ವೃದ್ಧಿ’ ಎಂದರೆ ಬೆಳವಣಿಗೆ. ತನ್ನ ವ್ಯಾಕರಣದಲ್ಲಿ ಮಾತ್ರ ಅದಕ್ಕೆ ಆ, ಐ, ಔ ಎಂದೇ ಅರ್ಥವೆಂದು ಅವನು ಮೊದಲ ಸೂತ್ರದಲ್ಲಿಯೇ ಕಟ್ಟುಮಾಡಿದ. ಪದ ಯಾವುದಾದರೂ ಆಗಲಿ, ಒಪ್ಪಂದ ಮೊದಲು ಆಗಬೇಕು.

ಹುಡುಗರು ಅಂದೇ ಒಂದು ಹಾಳೆಯಲ್ಲಿ ಹನ್ನೆರಡು ಪದಗಳನ್ನು ಅರ್ಥಸಮೇತ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಂಡರು. ಮುಂದಿನ ಭಾನುವಾರ, ನಾಲ್ಕು ಅರೆನಡೆಗೆ ಇಬ್ಬರ ಲೆಕ್ಕವೂ 1,97,281 ಎಂದೇ ಬಂತು. ಹೇಳಲು ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಬಂದಿದ್ದರು.