ಏಳು ತಾಯಂದಿರು

ಕೋಲಾರ, ತುಮಕೂರಿನ ಕಡೆ ಹಳೆಯ ಕೆರೆಗಳ ಏರಿಯ ಮೇಲೆ ಓಡಾಡಿದವರು ಒಂದು ಬಗೆಯ ಕಲ್ಲನ್ನು ಕಂಡಿರುತ್ತೀರಿ. ಅಗಲವಾದ ಚಪ್ಪಡಿ, ಅದರಲ್ಲಿ ಸಾಲಾಗಿ ಕುಳಿತ ಏಳು ಜನ ಹೆಂಗಸರು. ಅರಿಸಿನ ಕುಂಕುಮ ಬಳಿದು ಬಳಿದು ಮುಖಗಳು ಸವೆದುಹೋಗಿರುತ್ತವೆ. ಊರಿನವರಿಗೆ ಅವರು ಅಕ್ಕಮ್ಮಂದಿರು. ಶಾಸ್ತ್ರ ಓದಿದವರಿಗೆ ಸಪ್ತಮಾತೃಕೆಯರು: ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ಇಂದ್ರಾಣಿ, ಚಾಮುಂಡಿ. ಇವತ್ತು ಈ ಏಳು ತಾಯಂದಿರ ಚರಿತ್ರೆಯನ್ನು ಹೇಳುತ್ತೇನೆ.

ಮೊದಲಿಗೆ ಇವರು ಏಳೇ ಜನ ಇರಲಿಲ್ಲ, ಇಷ್ಟು ಸೌಮ್ಯರೂ ಆಗಿರಲಿಲ್ಲ. ಕುಷಾಣರ ಕಾಲದ ಮಥುರೆಯಲ್ಲಿ, ಅಂದರೆ ಸುಮಾರು 1800 ವರ್ಷಗಳ ಹಿಂದೆ, ಕಡೆದ ಚಿಕ್ಕ ಫಲಕಗಳಲ್ಲಿ ತಾಯಂದಿರು ಗುಂಪಾಗಿ ಕೂತಿದ್ದಾರೆ. ತೊಡೆಯ ಮೇಲೆ ಕೂಸು. ಆದರೆ ಕೆಲವರ ಮುಖ ಹಕ್ಕಿಯದು, ಕೆಲವರದು ಮೃಗದ್ದು. ಎಳೆಮಗುವನ್ನು ಎತ್ತಿಕೊಂಡವಳಿಗೆ ಅಂಥ ಮುಖ ಯಾಕೆ?

ಇದಕ್ಕೆ ಉತ್ತರ ಮಹಾಭಾರತದ ವನಪರ್ವದಲ್ಲಿದೆ. ಸ್ಕಂದ ಹುಟ್ಟಿದಾಗ ಅವನ ಬಲ ಕಂಡು ಇಂದ್ರನಿಗೆ ದಿಗಿಲಾಯಿತು. ಮಗುವನ್ನು ಕೊಂದು ಬನ್ನಿ ಎಂದು ಲೋಕಮಾತೆಯರನ್ನು ಕಳಿಸಿದ. ಅವರು ಹೋದರು, ಮಗುವನ್ನು ನೋಡಿದರು, ಕೊಲ್ಲಲಾರದೆ ಹೋದರು. ಎದೆಯಲ್ಲಿ ಹಾಲು ತುಂಬಿ ಬಂತು. ನೀನೇ ನಮ್ಮ ಮಗನಾಗು ಎಂದು ಅವನನ್ನೇ ಬೇಡಿಕೊಂಡರು. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮಕ್ಕಳಿಗೆ ಹದಿನಾರು ತುಂಬುವವರೆಗೆ ಅವರನ್ನು ಕಾಡುವ ಅಧಿಕಾರ ಈ ಗುಂಪಿನ ಶಕ್ತಿಗಳಿಗೆ ಉಂಟು, ಪೂಜೆ ಪಡೆದರೆ ಅವೇ ಕಾಯುತ್ತವೆ ಎಂದೂ ಅಲ್ಲಿ ಹೇಳಿದೆ.

ಜ್ವರ, ಸಿಡುಬು, ಹೆಸರೇ ಗೊತ್ತಿಲ್ಲದ ಬೇನೆಗಳು ಮನೆಮನೆಯ ತೊಟ್ಟಿಲನ್ನು ಬರಿದು ಮಾಡುತ್ತಿದ್ದ ಕಾಲ ಅದು. ಹೆತ್ತವಳು ಇನ್ನೇನು ಮಾಡಿಯಾಳು? ಒಯ್ಯಬಲ್ಲವಳಿಗೇ ಮಡಿಲು ತುಂಬಿ, ನೀನೂ ಇದರ ತಾಯಿಯಾಗು ಎಂದಳು. ತಾಯಿದೇವತೆಯ ಪೂಜೆಗೆ ಯುದ್ಧಭೂಮಿಗಿಂತ ಬಾಣಂತಿಯ ಕೋಣೆಯೇ ಹಳೆಯ ನೆಲೆ ಎಂದು ನಾನು ನಂಬಿದ್ದೇನೆ.

ಮುಂದೆ ಅರಸರು ಈ ತಾಯಂದಿರನ್ನು ತಮ್ಮವರನ್ನಾಗಿ ಮಾಡಿಕೊಂಡರು. ಈ ಅಧ್ಯಾಯದಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 5ನೆಯ ಶತಮಾನದ ಕಂಬದ ಶಾಸನವಿದೆ. ಕದಂಬ ಮಯೂರಶರ್ಮನಿಗೆ ಷಣ್ಮುಖನೇ, ಅಂದರೆ ಆ ಸ್ಕಂದನೇ, ಅಭಿಷೇಕ ಮಾಡಿದನೆಂದು ಹೇಳುವಾಗ ಅದು ತಾಯಂದಿರನ್ನೂ ಜೊತೆಗೆ ನೆನೆಯುತ್ತದೆ. ಬಾದಾಮಿಯ ಚಾಲುಕ್ಯರು ಇನ್ನೂ ಮುಂದೆ ಹೋದರು. ಏಳು ಲೋಕಗಳಿಗೆ ತಾಯಂದಿರಾದ ಸಪ್ತಮಾತೃಕೆಯರು ಸಾಕಿ ಬೆಳೆಸಿದ ವಂಶ ನಮ್ಮದು ಎಂದು ತಾಮ್ರಪಟಗಳಲ್ಲಿ ಮತ್ತೆ ಮತ್ತೆ ಬರೆಸಿದರು. ದೇವಸೇನಾಪತಿಯನ್ನು ಸಾಕಿದವರೇ ತಮ್ಮನ್ನೂ ಸಾಕಿದ್ದಾರೆಂದರೆ ಯುದ್ಧದಲ್ಲಿ ಎದುರು ನಿಲ್ಲುವವರು ಯಾರು?

ಐಹೊಳೆಯ ರಾವಣಫಡಿ ಗುಹೆಗೆ ಹೋದರೆ ತಾಯಂದಿರು ಅರಸರ ಪಾಲಾದದ್ದು ಕಣ್ಣಿಗೇ ಕಾಣುತ್ತದೆ. ಹತ್ತು ತೋಳಿನ ಶಿವ ನಡುವೆ ಕುಣಿಯುತ್ತಿದ್ದಾನೆ. ಸುತ್ತ ಮಾತೃಕೆಯರು, ಎತ್ತರದ ಕಿರೀಟ, ನೆರಿಗೆ ನೆರಿಗೆಯ ಉಡುಗೆ. ತೊಡೆಯ ಮೇಲೆ ಕೂಸಿಲ್ಲ. ಬಾಣಂತಿಯ ಕೋಣೆ ಬಿಟ್ಟು ಅರಮನೆಗೆ ಬಂದ ತಾಯಂದಿರು ಇವರು. ಕರ್ನಾಟಕದ ಶಿಲ್ಪಗಳಲ್ಲಿ ಇಷ್ಟು ಬೆಡಗಿನ ಮಾತೃಕೆಯರನ್ನು ನಾನು ಬೇರೆಲ್ಲೂ ನೋಡಿಲ್ಲ.

ಸುಮಾರು ಅದೇ ಕಾಲಕ್ಕೆ ದೇವೀಮಾಹಾತ್ಮ್ಯ ರೂಪ ತಳೆಯಿತು. ಅದರಲ್ಲಿ ತಾಯಂದಿರು ಒಬ್ಬೊಬ್ಬ ದೇವರ ಶಕ್ತಿಯಾಗಿ, ಅವನವನ ವಾಹನ, ಆಯುಧ ಹಿಡಿದು ಬರುತ್ತಾರೆ. ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತದಿಂದಲೂ ಮತ್ತೆ ಹುಟ್ಟುವ ರಕ್ತಬೀಜನೊಡನೆ ಕಾದುತ್ತಾರೆ. ಆ ರಕ್ತ ನೆಲ ಮುಟ್ಟದಂತೆ ಕುಡಿದವಳು ಚಾಮುಂಡಿ. ಹೆಸರಿಲ್ಲದ ಗುಂಪಿಗೆ ಹೆಸರು, ಗಂಡುದೇವರ ನಂಟು ಎರಡೂ ಗಟ್ಟಿಯಾದದ್ದು ಹೀಗೆ. ಗೌರವವೇನೋ ಹೆಚ್ಚಿತು. ಆದರೆ ಯಾರ ಹಂಗೂ ಇಲ್ಲದ ಆ ಹಳೆಯ ತಾಯಂದಿರು ಇಲ್ಲಿ ಸ್ವಲ್ಪ ಮರೆಯಾದರು ಅನ್ನಿಸುತ್ತದೆ.

ಏಳನೆಯವಳಾದ ಚಾಮುಂಡಿ ಮಾತ್ರ ಸಾಲು ಬಿಟ್ಟು ಬೆಟ್ಟ ಏರಿ ಮೈಸೂರು ಒಡೆಯರ ಕುಲದೇವತೆಯಾದಳು. ಕೋಲಾರದಲ್ಲಿ ಸಪ್ತಮಾತೃಕೆಯರು ಕೋಲಾರಮ್ಮನ ಗುಡಿಯಲ್ಲೇ ನೆಲೆಸಿದ್ದಾರೆ. ರಾಜೇಂದ್ರ ಚೋಳನ ಕಾಲದ ಶಾಸನಗಳಿರುವ ಆ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ. ಚೇಳು ಕಚ್ಚದಿರಲಿ ಎಂದು ಜನ ಅವಳಿಗೆ ಕೈ ಮುಗಿಯುತ್ತಾರೆ. ಕಾಡಬಲ್ಲವಳನ್ನೇ ಕಾಯುವವಳನ್ನಾಗಿ ಮಾಡಿಕೊಂಡ ವನಪರ್ವದ ಬುದ್ಧಿ ಅಲ್ಲಿ ಇನ್ನೂ ಜೀವಂತ.

ನಿಮ್ಮೂರ ಕೆರೆಯ ಬಳಿ ಇಂಥ ಕಲ್ಲಿದ್ದರೆ ಹತ್ತಿರ ಹೋಗಿ ನೋಡಿ. ಸಾಮಾನ್ಯವಾಗಿ ಒಂದು ತುದಿಗೆ ವೀರಭದ್ರ, ಇನ್ನೊಂದು ತುದಿಗೆ ಗಣಪತಿ ಇರುತ್ತಾರೆ. ಹಂದಿಮೋರೆಯವಳು ವಾರಾಹಿ. ಬಡಕಲು ಮೈಯವಳು ಚಾಮುಂಡಿ. ಪೀಠದ ಕೆಳಗೆ ಹಂಸ, ನಂದಿ, ನವಿಲು, ಗರುಡ, ಆನೆ ಇದ್ದರೆ ಉಳಿದವರನ್ನೂ ಗುರುತಿಸಬಹುದು. ಏರಿ ದುರಸ್ತಿಗೆ ಯಂತ್ರ ಬರುವ ದಿನ ಆ ಕಲ್ಲು ಮಣ್ಣಿನಡಿ ಹೋಗದಂತೆ ದಯವಿಟ್ಟು ಒಬ್ಬರಾದರೂ ಅಲ್ಲಿ ನಿಂತಿರಿ.