ಎರೆಯ ಹದ

ಗದಗು ತಾಲೂಕಿನ ಕುರ್ತಕೋಟಿ ನನ್ನ ಊರು. ಊರ ಹೊರಗೆ ನಿಂತರೆ ಕಣ್ಣು ಹರಿಯುವವರೆಗೂ ಎರೆಭೂಮಿ. ಶಿರಹಟ್ಟಿ, ಮುಂಡರಗಿಗಳತ್ತ ಸಾಗಿದಂತೆ ಕಪ್ಪತಗುಡ್ಡದ ಆಸುಪಾಸಿನಲ್ಲಿ ಮಸಾರಿ, ಎಂದರೆ ಕೆಂಪು ನೆಲ, ಕಾಣಿಸಿಕೊಳ್ಳುತ್ತದೆ. ಸೀಮೆ ಒಂದೇ ಆದರೂ ಮಣ್ಣಿನ ಬಣ್ಣ ಎರಡು. ಈ ಬಣ್ಣಗಳು ಬೆಳೆಯನ್ನಷ್ಟೇ ಅಲ್ಲದೆ ಬಾಳುವ ಬಗೆಯನ್ನೂ ಬೇರೆಯಾಗಿಸಿವೆ.

ಮಸಾರಿಯ ರೈತ ಮುಂಗಾರಿ ಮಳೆ ಬಿದ್ದ ಬೆನ್ನಿಗೇ ಕೂರಿಗೆ ಹೂಡುತ್ತಾನೆ. ಎರೆಯ ರೈತ ಕಾಯಬೇಕು. ಹಸಿಯಾದ ಎರೆ ಕಾಲಿಗೆ ಮೆತ್ತಿಕೊಂಡು ಹೆಜ್ಜೆಯೆತ್ತಲು ಬಿಡದು. ಒಣಗಿದರೆ ಆಳವಾಗಿ ಬಿರಿಯುತ್ತದೆ. ಇವೆರಡರ ನಡುವಿನ ಕೆಲವೇ ದಿನಗಳ ಸ್ಥಿತಿಯನ್ನು ನಮ್ಮವರು ‘ಹದ’ ಎಂದರು. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿಗಳು ಆ ಹದದಲ್ಲಿ ನೆಲ ಸೇರಿ, ಮುಂದೆ ಮಳೆ ಬಾರದಿದ್ದರೂ ಎರೆಯೊಳಗಿನ ತೇವವನ್ನು ಉಂಡು ಚಳಿಗಾಲದಲ್ಲಿ ಬೆಳೆಯುತ್ತವೆ. ಹೀಗಾಗಿ ಕಾಯುವುದು ನಮ್ಮಲ್ಲಿ ಆಲಸ್ಯವಲ್ಲ. ಅದು ಬೇಸಾಯದ ಅರ್ಧ ಭಾಗ. ಹೊಲದ ಈ ಮಾತು ಮನೆಯೊಳಗೂ ನಡೆಯಿತು. ಬೆಲ್ಲದ ಪಾಕಕ್ಕೆ ಹದವಿದೆ, ಆಡುವ ಮಾತಿಗೂ ಹದವಿದೆ.

ದೊರೆಗಳು ಎಳೆದ ಗಡಿಗಳು ಈ ಸೀಮೆಯನ್ನು ಹರಿದು ಹಂಚಿದ್ದವು. 1947ಕ್ಕೆ ಮೊದಲು ಗದಗು ಮುಂಬಯಿ ಪ್ರಾಂತದಲ್ಲಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಆದರೆ ಜೋಳದ ರೊಟ್ಟಿ, ಎಳ್ಳ ಅಮಾವಾಸ್ಯೆಯ ಚರಗ, ಆಡುವ ಕನ್ನಡ ಇವು ಆ ಗಡಿಗಳನ್ನು ಲೆಕ್ಕಿಸಲಿಲ್ಲ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸಿದ ನಾಡಿನ ಒಂದು ಮೂಲೆ ಪುಲಿಗೆರೆ. ಅದೇ ಇಂದಿನ ಲಕ್ಷ್ಮೇಶ್ವರ. ಊರ ಹೆಸರನ್ನೇ ಅಡ್ಡಹೆಸರಾಗಿಸಿಕೊಳ್ಳುವುದೂ ನಮ್ಮ ರೂಢಿ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ (1928–2003) ಮೂಲಕ ನಮ್ಮೂರ ಹೆಸರು ಕನ್ನಡದ ಓದುಗರೆಲ್ಲರನ್ನೂ ಮುಟ್ಟಿತು.

ಕಾಲೇಜಿನಲ್ಲಿ ಭೂಗೋಲ ಓದುತ್ತಿದ್ದಾಗ ನೆಲವೇ ಮನುಷ್ಯನನ್ನು ರೂಪಿಸುತ್ತದೆಂದು ನಾನು ದೃಢವಾಗಿ ನಂಬಿದ್ದೆ. ರಜೆಗೆ ಬಂದವನು ಹೊಲದಲ್ಲಿ ಅದನ್ನೇ ಉತ್ಸಾಹದಿಂದ ಹೇಳುತ್ತಿದ್ದೆ. ಕಳೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತದೆಯೇ ಅಂದಳು: “ತಮ್ಮಾ, ಮಣ್ಣು ಎಲ್ಲಾರ ಕಾಲಿಗೂ ಹತ್ತತೈತಿ. ಹೊಲ ಎಲ್ಲಾರ ಹೆಸರಿಗೆ ಹತ್ತಂಗಿಲ್ಲ.”

ಫ್ರಾನ್ಸಿನ ಭೂಗೋಲಜ್ಞ ವಿದಾಲ್ ದ ಲಾ ಬ್ಲಾಶ್ (1845–1918) ವಾದಿಸಿದ್ದೂ ಇದಕ್ಕೆ ಸಮೀಪದ ಮಾತನ್ನೇ. ನಿಸರ್ಗ ಸಾಧ್ಯತೆಗಳನ್ನು ಮುಂದಿಡುತ್ತದೆ. ಅವುಗಳಲ್ಲಿ ಆರಿಸಿಕೊಳ್ಳುವವನು ಮನುಷ್ಯ. ಆದರೆ ಆ ಮುದುಕಿಯ ಮಾತು ಇನ್ನೂ ಒಂದು ಹೆಜ್ಜೆ ಮುಂದಿತ್ತು. ಆರಿಸಿಕೊಳ್ಳುವ ಅವಕಾಶ ಯಾರಿಗಿದೆ ಎಂಬುದೇ ಅವಳ ಪ್ರಶ್ನೆ. ಹದ ಬಂದಿದೆಯೆಂದು ಮಣ್ಣು ಹಿಡಿದು ಹೇಳುತ್ತಿದ್ದವಳು ಅವಳು. ಯಾವಾಗ ಬಿತ್ತಬೇಕೆಂದು ಹೇಳುತ್ತಿದ್ದವರು ನಾವು.

ಅವಳು ಈಗ ಇಲ್ಲ. ಅವಳ ಮಗ, ನಮ್ಮ ಸೀಮೆಯ ಅನೇಕರಂತೆ, ದುಡಿಯಲು ಗೋವೆಗೆ ಹೋದ. ಒಮ್ಮೆ ಪಣಜಿಗೆ ಹೋದಾಗ, ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ಬಳಿ ಅವನನ್ನು ಕಂಡೆ. ಸಿಮೆಂಟಿನ ಗಾರೆ ಕಲಸುತ್ತಿದ್ದ ಹುಡುಗನಿಗೆ ಅವನು ಹೇಳುತ್ತಿದ್ದ: “ತಡೀಪಾ, ಇನ್ನೂ ಹದಕ್ಕ ಬಂದಿಲ್ಲ.”

ಎರೆಯ ಮಾತು ಅವನೊಡನೆ ಕಡಲ ದಂಡೆಯವರೆಗೂ ಹೋಗಿದೆ. ಎರೆಯ ಹೊಲ ಮಾತ್ರ ಇಂದಿಗೂ ಅವನ ಹೆಸರಿಗೆ ಹತ್ತಿಲ್ಲ.